ಹನ್ನೆರಡನೆಯ ಮೊಟ್ಟೆ

ಪ್ರೊಫೆಸರ್ ದ್ವಾರಕಾನಾಥರ ಕಾಗದ ಅಜ್ಜಂಪುರದ ಮನೆಗೆ ತಲುಪಿದ್ದು ಮಂಗಳವಾರ ಬೆಳಿಗ್ಗೆ. ಜೊತೆಗೆ ತುಂಗಮ್ಮ ಬರೆದು ಕಳಿಸಿದ್ದ ಚಿತ್ರವೂ ಹಿಂದಕ್ಕೆ ಬಂದಿತ್ತು. ಅದರ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಎರಡೇ ಮಾತು: "ಹರಿದದ್ದು. ಅಳಿಸಿ."

ತುಂಗಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಅವಳಿಗೆ ಇಪ್ಪತ್ತೇಳು ವರ್ಷ. ಬಿ.ಎಸ್ಸಿ. ಮಾಡಿ, ಬೆಂಗಳೂರಿನ ಒಂದು ಕಾಲೇಜಿನಲ್ಲಿ ಪ್ರೊಫೆಸರರ ಪುಸ್ತಕಕ್ಕೆ ಚಿತ್ರ ಬರೆಯುವ ಕೆಲಸದಲ್ಲಿದ್ದಳು. ತಾಯಿಗೆ ಚಳಿಜ್ವರವೆಂದು ಹದಿನೈದು ದಿನದ ರಜ ಹಾಕಿ ಊರಿಗೆ ಬಂದವಳು, ಇಲ್ಲಿಂದಲೇ ಕೊನೆಯ ಚಿತ್ರ ಮುಗಿಸಿ ಅಂಚೆಗೆ ಹಾಕಿದ್ದಳು. ಕೋಳಿಮೊಟ್ಟೆಯೊಳಗೆ ಮರಿ ಹೇಗೆ ರೂಪುಗೊಳ್ಳುತ್ತದೆ ಎಂಬ ಆ ಪುಸ್ತಕವನ್ನು ಪ್ರೊಫೆಸರರು ಹತ್ತು ವರ್ಷದಿಂದ ಬರೆಯುತ್ತಿದ್ದರು. ಚಿತ್ರಗಳೆಲ್ಲ ತುಂಗಮ್ಮನವು, ಕೆಳಗಿನ ರುಜು ಪ್ರೊಫೆಸರರದು. ಅದು ಆ ಕೆಲಸದ ಪದ್ಧತಿ. ಮೂವತ್ತಾರನೆಯ ಇಸವಿಯಲ್ಲಿ ಕಾಲೇಜಿನಲ್ಲಿ ಕೂರಲು ಒಂದು ಕುರ್ಚಿ ಸಿಕ್ಕಿದ್ದೇ ಹೆಣ್ಣುಮಗಳಿಗೆ ದೊಡ್ಡದು ಎಂದು ಎಲ್ಲರೂ ಹೇಳುತ್ತಿದ್ದರು. ಹೇಳುವವರಿಗೆಲ್ಲ ಕುರ್ಚಿ ಮೊದಲೇ ಇರುತ್ತದೆ, ಅದು ಬೇರೆ ಮಾತು.

ಚಿತ್ರದಲ್ಲಿ ಇದ್ದದ್ದು ಇಷ್ಟು. ಎರಡು ದಿನ ಕಾವು ಕಂಡ ಭ್ರೂಣದ ಬೆನ್ನಿನಲ್ಲಿ ಒಂದು ಪದರ ಎರಡೂ ಕಡೆಯಿಂದ ಎದ್ದು, ಸುತ್ತಿದ ವೀಳ್ಯದೆಲೆಯ ಹಾಗೆ ಮಡಚಿಕೊಂಡು ಕೊಳವೆಯಾಗುತ್ತದೆ. ಮುಂದೆ ಮಿದುಳು, ಬೆನ್ನುಹುರಿ ಆಗುವುದು ಆ ಕೊಳವೆಯೇ. ಅದರ ಜೀವಕೋಶಗಳು ಸಂದಿಲ್ಲದೆ ಒಂದಕ್ಕೊಂದು ಅಂಟಿ ನಿಂತಿರುತ್ತವೆ. ಆದರೆ ಕೊಳವೆಯ ನೆತ್ತಿಯಲ್ಲಿ, ಎರಡು ಅಂಚೂ ಕೂಡಿದ ಹೊಲಿಗೆಯ ಜಾಗದಲ್ಲಿ, ಕೆಲವು ಜೀವಕೋಶಗಳು ಸಾಲು ಬಿಟ್ಟು ಹೊರಗೆ ಬಂದದ್ದನ್ನು ತುಂಗಮ್ಮ ಕಂಡಿದ್ದಳು. ಕಾಲೇಜಿನಲ್ಲಿ ಹದಿನಾಲ್ಕು ಭ್ರೂಣಗಳಲ್ಲಿ ಕಂಡಿದ್ದಳು. ಕಂಡದ್ದನ್ನು ಬರೆದಿದ್ದಳು.

ಪ್ರೊಫೆಸರರ ಪುಸ್ತಕದ ಐದನೆಯ ಅಧ್ಯಾಯ ಬೇರೆಯೇ ಹೇಳುತ್ತಿತ್ತು. ಜೀವಕೋಶ ಹುಟ್ಟಿದ ಪದರವನ್ನು ಬಿಟ್ಟು ಹೋಗುವುದಿಲ್ಲ. ಪದರವೇ ಹಿಗ್ಗಿ, ಮಡಚಿ ಅಂಗವಾಗುತ್ತದೆ. ಹೊರಗೆ ಕಾಣುವ ಬಿಡಿ ಜೀವಕೋಶಗಳು ಕತ್ತರಿಸುವಾಗ ಅಲಗಿಗೆ ಸಿಕ್ಕಿ ಹರಿದು ಬಿದ್ದವು. ಜರ್ಮನಿಯವರು ಯಾರೋ ಹಾಗಲ್ಲ ಎಂದಿದ್ದರೆ, ಅವರ ಅಲಗೂ ಮೊಂಡೇ. ಪ್ರೊಫೆಸರರು ಹಿಡಿದ ಮೊಲಕ್ಕೆ ಮೂರೇ ಕಾಲು.

ಕಾಗದದಲ್ಲಿ ಇನ್ನೂ ಇತ್ತು. ಶುಕ್ರವಾರ ಅವರು ಎಲ್ಲ ಚಿತ್ರಗಳೊಂದಿಗೆ ಪೂನಾದ ಮುದ್ರಣಾಲಯಕ್ಕೆ ಹೊರಟಿದ್ದರು. ಮೇಲ್ ಗಾಡಿ ಅಜ್ಜಂಪುರದಲ್ಲಿ ನಿಲ್ಲುವುದಿಲ್ಲ. ಬೀರೂರು ಜಂಕ್ಷನ್ನಿನಲ್ಲಿ ನೀರು ತುಂಬಿಸಲು ಇಪ್ಪತ್ತು ನಿಮಿಷ ನಿಲ್ಲುತ್ತದೆ. ತಿದ್ದಿದ ಚಿತ್ರವನ್ನು ತುಂಗಮ್ಮ ಅಲ್ಲಿಗೆ ತಂದು ಕೊಡಬೇಕು. ತಿದ್ದಲು ಇಷ್ಟವಿಲ್ಲದಿದ್ದರೆ ರಜ ಮುಗಿದ ಮೇಲೆ ಕಾಲೇಜಿಗೆ ಬರುವ ಶ್ರಮ ತೆಗೆದುಕೊಳ್ಳಬೇಕಾಗಿಲ್ಲ.

"ಅಳಿಸಿಬಿಡೇ ತುಂಗ," ಎಂದರು ತಾಯಿ ಶಾರದಾಂಬಾ, ಕಂಬಳಿಯೊಳಗಿನಿಂದ. "ಆ ನಾಕು ಚುಕ್ಕೆಗೋಸ್ಕರ ಯಾರಾದ್ರೂ ಕೆಲಸ ಕಳ್ಕೋತಾರೇನೇ?"

"ಅಮ್ಮಾ, ಅಪ್ಪ ತರೀಕೆರೆ ಆಸ್ಪತ್ರೇಲಿ ರಕ್ತ ನೋಡ್ತಿದ್ರಲ್ಲ. ಜ್ವರದ ಕ್ರಿಮಿ ಕಂಡಾಗ, ಇಲ್ಲ ಅಂತ ಬರಿ ಅಂತ ಮೇಲಿನೋರು ಹೇಳಿದ್ರೆ ಬರೀತಿದ್ರಾ?"

"ಬರೀತಿರಲಿಲ್ಲ. ಅದಕ್ಕೇ ಅವರಿಗೆ ಬಡ್ತಿನೂ ಬರಲಿಲ್ಲ," ಎಂದು ಶಾರದಾಂಬಾ ಮಗ್ಗುಲಾದರು.

ಅಪ್ಪ ಕಾಲವಾಗಿ ಮೂರು ವರ್ಷವಾಗಿತ್ತು. ಅವರ ಹಿತ್ತಾಳೆಯ ಸೂಕ್ಷ್ಮದರ್ಶಕ ಮಾತ್ರ ಮರದ ಪೆಟ್ಟಿಗೆಯಲ್ಲಿ ಹಾಗೇ ಇತ್ತು. ತುಂಗಮ್ಮ ಅಂದು ಮಧ್ಯಾಹ್ನವೆಲ್ಲ ಅದರ ಎದುರು ಕೂತು ಯೋಚಿಸಿದಳು. ಕತ್ತರಿಸಿ ತೋರಿಸಿದರೆ ಮತ್ತೆ ಅಲಗಿನ ಮೇಲೇ ತಪ್ಪು ಹೊರಿಸುತ್ತಾರೆ. ಸತ್ತದ್ದನ್ನು ಎಷ್ಟು ತೋರಿಸಿದರೂ ಈ ಮನುಷ್ಯನಿಗೆ ಸಾಲದು. ಜೀವಂತವಾಗಿ ಹೊರಡುವುದನ್ನೇ ತೋರಿಸಬೇಕು.

ಅದಕ್ಕೆ ಒಂದು ದಾರಿಯಿತ್ತು. ಅಮೆರಿಕದಲ್ಲಿ ಒಬ್ಬರು ಕಪ್ಪೆಯ ಭ್ರೂಣದ ಚೂರನ್ನು ಒಂದು ಹನಿ ದ್ರವದಲ್ಲಿಟ್ಟು, ಗಾಜಿನಿಂದ ತೂಗುಹಾಕಿ, ಅದರಿಂದ ನರ ಬೆಳೆಯುವುದನ್ನು ಕಣ್ಣಾರೆ ಕಂಡಿದ್ದರೆಂದು ಅವಳು ಕಾಲೇಜಿನ ಪತ್ರಿಕೆಯಲ್ಲಿ ಓದಿದ್ದಳು. ಕೋಳಿಯ ಚೂರಿಗೆ ಕೋಳಿಯದೇ ರಕ್ತದ ತಿಳಿ ಬೇಕು, ಕೋಳಿಯ ಮೈಯಷ್ಟೇ ಕಾವು ಬೇಕು. ಕಾವು ಕೊಡುವ ಯಂತ್ರ ಬೆಂಗಳೂರಿನಲ್ಲಿತ್ತು. ಅಜ್ಜಂಪುರದಲ್ಲಿ ಇದ್ದದ್ದು ದುರ್ಗಮ್ಮನ ಕೋಳಿ.

ದುರ್ಗಮ್ಮನ ಮನೆ ಊರಾಚೆ ರೈಲು ಹಳಿಯ ಪಕ್ಕದಲ್ಲಿ. ಅರವತ್ತು ದಾಟಿದ ಹೆಂಗಸು. ಹಿಂದೊಮ್ಮೆ ಅಪ್ಪನ ಔಷಧಿಯಿಂದ ಬದುಕಿದವಳು ಎಂದು ಈ ಮನೆಯ ಮೇಲೆ ಬಹಳ ಅಭಿಮಾನ. ಸೋಮವಾರ ಬೆಳಿಗ್ಗೆ ತಾನೇ ಒಂದು ಕರಿ ಕೋಳಿಯನ್ನು ಹದಿಮೂರು ಮೊಟ್ಟೆಗಳ ಮೇಲೆ ಕಾವಿಗೆ ಕೂರಿಸಿದ್ದಳು. ತುಂಗಮ್ಮನ ಮನೆಯಲ್ಲಿ ಮೊಟ್ಟೆ ಹೊಸ್ತಿಲು ದಾಟುವಂತಿರಲಿಲ್ಲ. ಹಾಗಾಗಿ ಬುಧವಾರ ಬೆಳಿಗ್ಗೆ ಸೂಕ್ಷ್ಮದರ್ಶಕ, ಸೂಜಿ, ಸ್ಪಿರಿಟ್ ದೀಪ ಎಲ್ಲ ದುರ್ಗಮ್ಮನ ಜಗಲಿಗೇ ಹೋದವು.

"ನನ್ ಕೋಳಿ ರಕ್ತ ತೆಗೀತೀರಾ?" ಎಂದು ದುರ್ಗಮ್ಮ ಕಣ್ಣರಳಿಸಿದಳು.

"ಒಂದೇ ಒಂದು ಚೂರು, ದುರ್ಗಮ್ಮ. ಬೇರೆ ಕೋಳಿದು ತಗೋತೀನಿ. ಸಾಯಲ್ಲ."

"ಸತ್ರೆ ಸಾರಿಗಾಯ್ತದೆ ಬಿಡಿ. ನೀವಂತೂ ತಿನ್ನಲ್ಲ."

ರೆಕ್ಕೆಯ ನರದಿಂದ ತೆಗೆದ ರಕ್ತವನ್ನು ತುಂಗಮ್ಮ ಮೇಣ ಸವರಿದ ಗಾಜಿನ ನಳಿಗೆಯಲ್ಲಿ ಹಾಕಿ, ಮಡಕೆಯ ತಣ್ಣೀರಿನಲ್ಲಿಟ್ಟು, ಮೇಲೆ ನಿಂತ ತಿಳಿಯನ್ನು ಬೇರೆ ಮಾಡಿದಳು. ಕರಿ ಕೋಳಿ ಕೂತಿದ್ದ ಮಂಕರಿಯಿಂದ ಎರಡು ಮೊಟ್ಟೆ ತೆಗೆದು ಒಡೆದಳು. ಒಂದು ಬರಡಾಗಿತ್ತು. ಇನ್ನೊಂದರಲ್ಲಿ ಭ್ರೂಣವಿತ್ತು, ಕಡಲೆಬೇಳೆಗಿಂತ ಚಿಕ್ಕದು, ಆಗಲೇ ಅದರ ಎದೆ ಮಿಡಿಯುತ್ತಿತ್ತು. ಅದರ ಬೆನ್ನಿನ ಕೊಳವೆಯ ಒಂದು ಚೂರನ್ನು ಸೂಜಿಯಿಂದ ಬಿಡಿಸಿ, ತೆಳುಗಾಜಿನ ಮೇಲಿನ ತಿಳಿಯ ಹನಿಯಲ್ಲಿಟ್ಟಳು. ಭ್ರೂಣದ ರಸ ತಾಗಿಸಿದೊಡನೆ ಹನಿ ಗಟ್ಟಿಯಾಯಿತು. ಗುಳಿಯಿರುವ ಗಾಜಿನ ಪಟ್ಟಿಯ ಮೇಲೆ ಆ ತೆಳುಗಾಜನ್ನು ಹನಿ ತೂಗುವಂತೆ ಬೋರಲಾಗಿ ಕೂರಿಸಿ, ಸುತ್ತ ಮೇಣ ಹಚ್ಚಿ, ಪಟ್ಟಿಯನ್ನು ಅಪ್ಪನ ಕನ್ನಡಕದ ತಗಡಿನ ಡಬ್ಬಿಯೊಳಗಿಟ್ಟಳು. ಡಬ್ಬಿಗೆ ಉಣ್ಣೆಯ ಚೂರು ಸುತ್ತಿ ಕೋಳಿಯ ಅಡಿಗೆ ಸರಿಸಿದಳು. ಕೋಳಿ ಒಂದು ಸಲ ಕುಕ್ಕಿತು, ಆಮೇಲೆ ಮೊಟ್ಟೆಯೆಂದೇ ಒಪ್ಪಿಕೊಂಡಿತು.

ಸಂಜೆ ಐದಕ್ಕೆ ಬಂದು ನೋಡಿದರೆ ಡಬ್ಬಿ ಗೋಡೆಯ ಗೂಡಿನಲ್ಲಿ, ಎಣ್ಣೆ ದೀಪದ ಪಕ್ಕದಲ್ಲಿ, ತಣ್ಣಗೆ ಕೂತಿತ್ತು.

"ಯಾರು ತೆಗೆದದ್ದು ಇದನ್ನ?"

"ನಾನೇ ಕಣ್ರವ್ವ," ಎಂದಳು ದುರ್ಗಮ್ಮ ನಿರಾತಂಕವಾಗಿ. "ಕಾವಿಗೆ ಕೂತ ಕೋಳಿ ಅಡೀಗೆ ಕಣ್ಣು ಹಾಕ್ಬಾರ್ದು, ಕೈ ಹಾಕಿ ಎಣಿಸ್ಬೇಕು. ಮಧ್ಯಾಹ್ನ ಎಣಿಸ್ತೀನಿ, ಹನ್ನೆರಡು! ಜೋಡಿ ಲೆಕ್ಕಕ್ಕೆ ಕೂರ್ಸಿದ್ರೆ ಒಂದೂ ಮರಿ ಒಡೆಯಲ್ಲ. ಅದ್ಕೇ ಹನ್ನೆರಡನೇದನ್ನ ತೆಗೆದಿಟ್ಟೆ."

ತುಂಗಮ್ಮ ಡಬ್ಬಿ ಬಿಚ್ಚಿ ಸೂಕ್ಷ್ಮದರ್ಶಕದಡಿ ಇಟ್ಟಳು. ಚೂರು ಕಪ್ಪಿಟ್ಟು ಮುದುಡಿತ್ತು. ಅಂಚಿನಲ್ಲಿ ಎರಡು ಜೀವಕೋಶ ಹೊರಗೆ ಚಾಚಿದ್ದ ಗುರುತಿತ್ತು, ಅವೂ ಸತ್ತಿದ್ದವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅವಳು ಜಗಲಿಯ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಕೋಪಕ್ಕೆ ಅತ್ತದ್ದು, ದುಃಖಕ್ಕೆ ಅಳುವ ಅಭ್ಯಾಸ ಅವಳಿಗೆ ಇರಲಿಲ್ಲ.

ದುರ್ಗಮ್ಮ ಗಾಬರಿಯಾದಳು. "ಏನಾಯ್ತು ತಾಯೀ? ಅದ್ರಾಗೆ ಜೀವ ಇತ್ತಾ?"

ತುಂಗಮ್ಮ ಎಲ್ಲವನ್ನೂ ಹೇಳಿದಳು: ಕಾಗದ, ಕೆಂಪು ಶಾಯಿ, ಶುಕ್ರವಾರದ ಗಾಡಿ. ನಾಳೆಗೆ ಭ್ರೂಣಕ್ಕೆ ಮೂರು ದಿನವಾಗುತ್ತದೆ; ತಲೆಯ ಕಡೆಯಿಂದ ಹೊರಡುವವೆಲ್ಲ ಅಷ್ಟರಲ್ಲಿ ಹೊರಟು ಮುಗಿದಿರುತ್ತವೆ; ಬಾಲದ ಕಡೆ ಮಾತ್ರ ಇನ್ನೂ ಉಳಿದಿರುತ್ತವೆ. ನಾಳೆ ತಪ್ಪಿದರೆ ಮುಗಿಯಿತು.

ದುರ್ಗಮ್ಮ ಸ್ವಲ್ಪ ಹೊತ್ತು ಬೆರಳು ಮಡಚಿ ಲೆಕ್ಕ ಹಾಕಿದಳು. "ಈಗ ಹನ್ನೊಂದವೆ. ನಾಳೆ ನೀವು ಒಂದು ತೆಗೀತೀರಿ, ಹತ್ತು. ನಿಮ್ಮ ಡಬ್ಬಿ ಸೇರಿಸಿದ್ರೆ ಹನ್ನೊಂದು. ಅದೂ ಮೊಟ್ಟೇನೇ ಅಂತ ಇಟ್ಕೊಳ್ಳವ. ಯಾವಳು ಕೈ ಹಾಕ್ತಾಳೋ ನೋಡ್ತೀನಿ."

ಗುರುವಾರ ಬೆಳಿಗ್ಗೆ ಮತ್ತೆ ಅದೇ ಕೆಲಸ, ಇನ್ನೂ ಚಿಕ್ಕ ಚೂರು, ಬಾಲದ ಕಡೆಯದು. ದುರ್ಗಮ್ಮ ಹೊಲಕ್ಕೆ ಹೋಗಲಿಲ್ಲ. ಮಂಕರಿಯ ಪಕ್ಕದಲ್ಲೇ ಕಾಲು ಚಾಚಿ ಕೂತು, ಹತ್ತಿರ ಬಂದ ನಾಯಿ, ಬೆಕ್ಕು, ಪಕ್ಕದ ಮನೆಯ ಹೆಂಗಸು ಎಲ್ಲರನ್ನೂ ಒಂದೇ ಬೈಗುಳದಲ್ಲಿ ಓಡಿಸಿದಳು.

ಸಂಜೆ ನಾಲ್ಕಕ್ಕೆ ಡಬ್ಬಿ ತೆಗೆದಾಗ ಅದು ಕೋಳಿಯ ಮೈಯಷ್ಟೇ ಬೆಚ್ಚಗಿತ್ತು. ತುಂಗಮ್ಮ ಪಟ್ಟಿಯ ಕಾವು ಆರದಿರಲೆಂದು ಪಕ್ಕದಲ್ಲಿ ಸ್ಪಿರಿಟ್ ದೀಪ ಹಚ್ಚಿಟ್ಟು, ಸೂಕ್ಷ್ಮದರ್ಶಕದ ಕನ್ನಡಿಯನ್ನು ಬಿಸಿಲಿಗೆ ತಿರುಗಿಸಿ ಬಗ್ಗಿದಳು.

ಚೂರಿನ ಸುತ್ತ ಅಂಗಳ ತುಂಬಿತ್ತು. ಇಪ್ಪತ್ತು, ಮೂವತ್ತು ಜೀವಕೋಶಗಳು ಹೊರಗೆ ಬಂದು ಒಂದೊಂದು ಒಂದೊಂದು ಕಡೆಗೆ ಮುಖ ಮಾಡಿದ್ದವು. ಅವಳ ಕಣ್ಣು ಅಂಚಿನಲ್ಲಿದ್ದ ಒಂದರ ಮೇಲೆ ನಿಂತಿತು. ಅದು ಇನ್ನೂ ಸಾಲಿನಲ್ಲಿತ್ತು. ನೆಟ್ಟಗೆ ನಿಂತ ಅದರ ಮೈ ಮೊದಲು ಮೂಲೆ ಕಳೆದುಕೊಂಡು ಮೆತ್ತಗಾಯಿತು. ಹೊರಗಡೆಯ ಅಂಚಿನಿಂದ ತೆಳ್ಳನೆಯ ಪಾದವೊಂದು ಚಾಚಿತು, ಹಿಂದೆ ಸರಿಯಿತು, ಮತ್ತೆ ಚಾಚಿ ಊರಿತು. ಅಕ್ಕಪಕ್ಕದವು ಅದನ್ನು ಹಿಡಿದೇ ಇದ್ದವು. ಹಿಡಿತ ಎಳೆಯಷ್ಟು ತೆಳುವಾಯಿತು, ಎಳೆ ಕಡಿದುಹೋಯಿತು, ಉಳಿದ ತುಂಡನ್ನು ಜೀವಕೋಶ ತನ್ನೊಳಕ್ಕೇ ಎಳೆದುಕೊಂಡಿತು. ಅದು ಬಿಟ್ಟ ಜಾಗವನ್ನು ಅಕ್ಕಪಕ್ಕದವು ಸರಿದು ಮುಚ್ಚಿಕೊಂಡವು. ಎಲ್ಲೂ ಗಾಯವಾಗಿರಲಿಲ್ಲ. ಇಷ್ಟಾಗಲು ಒಂದು ಗಂಟೆಯೇ ಹಿಡಿಯಿತು. ತುಂಗಮ್ಮ ಹತ್ತು ಹತ್ತು ನಿಮಿಷಕ್ಕೆ ಒಂದು ಚಿತ್ರದಂತೆ ಬರೆಯುತ್ತ ಹೋದಳು. ಚಲನೆ ನಿಧಾನವಾದ್ದರಿಂದ, ಯಾರೂ ಇಲ್ಲವೆನ್ನಬಾರದೆಂದು, ತನ್ನ ತಲೆಯ ಒಂದು ಕೂದಲನ್ನು ಸೂಕ್ಷ್ಮದರ್ಶಕದ ಕಣ್ಣುಗಾಜಿನೊಳಗೆ ಅಡ್ಡಲಾಗಿ ಕೂರಿಸಿ ಅದನ್ನೇ ಗಡಿ ಮಾಡಿಕೊಂಡಳು. ಗಡಿಯ ಈಚೆ ಇದ್ದದ್ದು ನೋಡುನೋಡುತ್ತ ಆಚೆಗೆ ಹೋಯಿತು.

"ದುರ್ಗಮ್ಮ, ಬಾ ಇಲ್ಲಿ! ನೋಡು!"

"ಹುಟ್ಟೋಕ್ಕಿಂತ ಮುಂಚೆ ನೋಡ್ಬಾರ್ದು ತಾಯೀ."

"ನಿನ್ನ ಕೋಳಿ ಕಾವಿಂದ ಆದದ್ದು. ನೀನು ನೋಡದೆ ಇನ್ಯಾರು ನೋಡ್ಬೇಕು?"

ದುರ್ಗಮ್ಮ ಸೆರಗಿನಿಂದ ಕಣ್ಣೊರಸಿಕೊಂಡು ಬಗ್ಗಿದಳು. "ಎಲ್ಲಿಗೆ ಹೊಂಟವೆ ಇವು?"

"ಕೆಲವು ದೂರ ಹೋಗಿ ನರದ ಗಂಟಾಗ್ತವೆ. ಗರಿಯ ಕಪ್ಪು ಬಣ್ಣಾನೂ ಇಲ್ಲಿಂದಲೇ ಹೋಗುತ್ತೆ ಅಂತ ಕೆಲವರು ಹೇಳ್ತಾರೆ. ಅದಿನ್ನೂ ತೀರ್ಮಾನ ಆಗಿಲ್ಲ."

"ಇದನ್ನ ಹರಿದದ್ದು ಅಂದೋರು ಯಾರು? ಕಾಲೆತ್ತಿ ಹೊಂಟದೆ ಕಣ್ರವ್ವ! ಹರಿದು ಬಿದ್ದಿದ್ದು ಎಲ್ಲಾದ್ರೂ ನಡೀತದಾ?" ಎಂದು ದುರ್ಗಮ್ಮ ತಾನೇ ಪ್ರೊಫೆಸರರ ಎದುರು ನಿಂತವಳಂತೆ ಕೇಳಿದಳು.

ಶುಕ್ರವಾರ ಬೆಳಗಿನ ಪ್ಯಾಸೆಂಜರಿನಲ್ಲಿ ಇಬ್ಬರೂ ಬೀರೂರಿಗೆ ಹೊರಟರು. ರಾತ್ರಿಯೆಲ್ಲ ಕೋಳಿಯ ಅಡಿಯಲ್ಲಿದ್ದ ಡಬ್ಬಿ ಈಗ ದುರ್ಗಮ್ಮನ ಮಡಿಲಿನಲ್ಲಿ, ಸೀರೆಯ ನಾಲ್ಕು ಮಡಿಕೆಯೊಳಗೆ. ಹೊಟ್ಟೆಯ ಕಾವು ಆರಬಾರದೆಂದು ಅವಳು ದಾರಿಯುದ್ದಕ್ಕೂ ಬಾಗಿಯೇ ಕೂತಿದ್ದಳು. ಸೂಕ್ಷ್ಮದರ್ಶಕದ ಪೆಟ್ಟಿಗೆ ತುಂಗಮ್ಮನ ತೊಡೆಯ ಮೇಲೆ. ಶಾರದಾಂಬಾ ಜ್ವರದಲ್ಲೇ ಎದ್ದು ಇಬ್ಬರಿಗೂ ಮೊಸರನ್ನ ಕಟ್ಟಿ ಕೊಟ್ಟಿದ್ದರು. ಅಳಿಸಿದೆಯಾ ಎಂದು ಕೇಳಲಿಲ್ಲ.

ಬೀರೂರಿನ ಪ್ಲಾಟ್‌ಫಾರಮ್ಮಿನಲ್ಲಿ ಸಾಮಾನು ತೂಗುವ ತಕ್ಕಡಿಯ ಹಲಗೆ ಬಿಸಿಲಿನಲ್ಲಿತ್ತು. ತುಂಗಮ್ಮ ಅದರ ಮೇಲೆ ಸೂಕ್ಷ್ಮದರ್ಶಕ ನಿಲ್ಲಿಸಿದಳು. ತಕ್ಕಡಿಯ ಕಾವಲಿನ ತಿಮ್ಮಪ್ಪ ತಕರಾರು ತೆಗೆದ. ದುರ್ಗಮ್ಮ ಅವನ ಕಡೆ ಒಂದು ನೋಟ ನೋಡಿದಳು, ಅವನು ಪಕ್ಕಕ್ಕೆ ಸರಿದ. ಮೇಲ್ ಕಡೂರು ಬಿಟ್ಟಿದೆ ಎಂದು ಗಂಟೆ ಹೊಡೆದರು. ಆಗ ಡಬ್ಬಿ ಮಡಿಲಿನಿಂದ ಹೊರಗೆ ಬಂತು. ಮಾರ್ಚ್ ತಿಂಗಳ ಬೀರೂರಿನ ಬಿಸಿಲು ಕೋಳಿಯ ಕಾವಿಗಿಂತ ಕಡಿಮೆಯೇನೂ ಇರಲಿಲ್ಲ.

ಪ್ರೊಫೆಸರ್ ದ್ವಾರಕಾನಾಥರು ಸೆಕೆಂಡ್ ಕ್ಲಾಸಿನಿಂದ ಇಳಿದು, ಜರಿಪೇಟ ಸರಿಮಾಡಿಕೊಂಡು ಕೈ ಚಾಚಿದರು. "ತಂದಿರಾ? ಕೊಡಿ."

"ಮೊದಲು ಇದನ್ನ ನೋಡಿ ಸಾರ್."

"ಇದೇನು ರೈಲ್ವೆ ಸ್ಟೇಷನ್ನಿನಲ್ಲಿ ಸರ್ಕಸ್ಸು?"

"ನಿಮಗೆ ಇಪ್ಪತ್ತು ನಿಮಿಷ ಇದೆ. ಹತ್ತು ಕೊಡಿ ಸಾಕು. ಒಳಗೆ ಒಂದು ಕೂದಲು ಅಡ್ಡ ಇದೆ. ಕೂದಲಿನ ಈಚೆ ಎರಡು ಕವಲಿರೋ ಒಂದು ಜೀವಕೋಶ ಇದೆ. ಅದನ್ನೇ ನೋಡ್ತಿರಿ."

ಅವರು ಬೇಸರದಿಂದ ಬಗ್ಗಿದರು. ಒಂದು ನಿಮಿಷವಾಯಿತು, ಎರಡಾಯಿತು. ಗಡಿಯಾರ ನೋಡಲು ಎತ್ತಿದ ಕೈ ಹಾಗೇ ಉಳಿಯಿತು. ಆರನೆಯ ನಿಮಿಷಕ್ಕೆ ಅವರು ಪೇಟ ತೆಗೆದು ತಕ್ಕಡಿಯ ಮೇಲಿಟ್ಟರು. ಸುತ್ತ ಹಮಾಲಿಗಳು, ಕಡಲೆಕಾಯಿ ಮಾರುವವರು ಗುಂಪು ಸೇರಿದರು. ಹತ್ತು ನಿಮಿಷ ಕಳೆದ ಮೇಲೆ ಪ್ರೊಫೆಸರರು ತಲೆಯೆತ್ತಿದರು.

"ದಾಟಿತಾ?" ಎಂದಳು ತುಂಗಮ್ಮ.

"ದಾಟಿತು," ಎಂದರು. ಸುಳ್ಳು ಹೇಳಲು ಬಾರದ ಮನುಷ್ಯ. ಆ ಮಟ್ಟಿಗೆ ಅವರನ್ನು ಮೆಚ್ಚಬೇಕು. ಆದರೆ ಮರುಕ್ಷಣವೇ ಅಡ್ಡಗೋಡೆಯ ಮೇಲೆ ದೀಪ ಇಟ್ಟರು. "ಗಾಜಿನ ಮೇಲೆ ನಡೆದದ್ದು ಮೊಟ್ಟೆಯೊಳಗೂ ನಡೆಯುತ್ತೆ ಅಂತ ಏನು ಭರವಸೆ?"

"ಭರವಸೆ ಇಲ್ಲ. ಅದನ್ನೂ ನೋಡೋಣ. ಆದ್ರೆ ನೀವು ಬರೆದದ್ದು ಹರಿದದ್ದು ಅಂತ. ಹರಿದದ್ದು ನಡೆಯೋಲ್ಲ ಸಾರ್."

"ಐದನೇ ಅಧ್ಯಾಯ ಅಚ್ಚಾಗಿಹೋಗಿದೆ ತುಂಗಮ್ಮ. ಹತ್ತು ವರ್ಷ ನನ್ನದು." ಅವರ ದನಿ ಬೇಡುವವರ ದನಿಯಾಗಿತ್ತು. "ಚಿತ್ರ ಕೊಡಿ. ಪೂನಾದವರೇ ಅಳಿಸಿಕೊಳ್ಳುತ್ತಾರೆ."

ತುಂಗಮ್ಮ ಲಕೋಟೆಯಿಂದ ಚಿತ್ರ ತೆಗೆದು ತಕ್ಕಡಿಯ ಮೇಲೆ ಹಾಸಿದಳು. ಪಕ್ಕದಲ್ಲಿ ಶಾಯಿ ಹೆರೆಯುವ ಚಾಕುವನ್ನೂ ಇಟ್ಟಳು. "ಪೂನಾದವರು ನೋಡಿಲ್ಲ, ಅವರ ಕೈಲಿ ಯಾಕೆ ಮಾಡಿಸ್ತೀರಿ? ನೋಡಿದೋರು ನೀವು. ಅಳಿಸೋದಾದ್ರೆ ಇಲ್ಲೇ, ಈಗಲೇ, ನಿಮ್ಮ ಕೈಯಿಂದಲೇ ಅಳಿಸಿ. ನಾನು ತಡೆಯಲ್ಲ."

ಪ್ರೊಫೆಸರರು ಚಾಕು ತೆಗೆದುಕೊಂಡರು. ಅಲಗನ್ನು ಮೊದಲನೆಯ ಚುಕ್ಕೆಯ ಮೇಲೆ ತಂದರು. ಇಂಜಿನ್ ನೀರು ಕುಡಿದು ಮುಗಿಸಿ ಸಿಳ್ಳೆ ಹಾಕಿತು. ಹಮಾಲಿಗಳೂ ಹತ್ತಿರಕ್ಕೆ ಬಗ್ಗಿದರು, ಏನೆಂದು ತಿಳಿಯದಿದ್ದರೂ. ಪ್ರೊಫೆಸರರು ಚಾಕುವನ್ನು ಮೆಲ್ಲಗೆ ಹಲಗೆಯ ಮೇಲಿಟ್ಟು ಪೇಟ ಎತ್ತಿಕೊಂಡರು.

"ಈ ಚಿತ್ರ ಇಲ್ಲದೇ ಪುಸ್ತಕ ಹೋಗಲಿ," ಎಂದರು. "ನೀವೂ ಕಾಲೇಜಿಗೆ ಬರುವುದು ಬೇಡ."

"ಆಗಲಿ ಸಾರ್."

ಅವರು ತಿರುಗಿ ನೋಡದೆ ಗಾಡಿ ಹತ್ತಿದರು. ಕೆಲಸ ಹೋಯಿತು, ಮನೆಗೆ ಹೋಗಿ ಅಮ್ಮನಿಗೆ ಹೇಳಬೇಕು, ಅದೆಲ್ಲ ಆಮೇಲೆ. ತುಂಗಮ್ಮ ತಿಮ್ಮಪ್ಪನ ಕಿವಿಯ ಮೇಲಿದ್ದ ಸೀಸದಕಡ್ಡಿ ಕಿತ್ತುಕೊಂಡಳು. ಚಿತ್ರದ ಹಿಂದೆ ನಾಲ್ಕು ಸಾಲು ಗೀಚಿದಳು: ಕಂಡದ್ದು ಏನು, ಯಾವ ದಿನ, ಎಷ್ಟು ಗಂಟೆಗೆ, ಅಜ್ಜಂಪುರದ ದುರ್ಗಮ್ಮನ ಕೋಳಿಯ ಕಾವಿನಲ್ಲಿ. ಕೆಳಗೆ ತನ್ನ ಹೆಸರು ಬರೆದಳು. ಐದು ವರ್ಷದಲ್ಲಿ ಚಿತ್ರವೊಂದರ ಮೇಲೆ ಅವಳ ಹೆಸರು ಬಿದ್ದದ್ದು ಅದೇ ಮೊದಲು. ಗುರುವಾರದ ಚಿತ್ರಗಳನ್ನೂ ಅದರ ಜೊತೆಗೆ ಲಕೋಟೆಗೆ ತುಂಬಿದಳು. ಲಕೋಟೆಯ ಮೇಲಿದ್ದ 'ಪ್ರೊಫೆಸರ್ ದ್ವಾರಕಾನಾಥ್' ಎಂಬುದನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿ, ಲಂಡನ್ನಿನ ವಿಜ್ಞಾನ ಪತ್ರಿಕೆಯೊಂದರ ವಿಳಾಸ ಬರೆದಳು. ಕಾಲೇಜಿನಲ್ಲಿ ಅದನ್ನು ಎಷ್ಟು ಸಲ ಓದಿದ್ದಳೆಂದರೆ ವಿಳಾಸ ಬಾಯಿಪಾಠವಾಗಿತ್ತು.

ಗಾಡಿ ಚಲಿಸತೊಡಗಿತು. ತುಂಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಪ್ಲಾಟ್‌ಫಾರಮ್ಮಿನ ತುದಿಯವರೆಗೂ ಓಡಿದಳು. ಮೇಲ್ ಗಾಡಿಯ ಅಂಚೆ ಬೋಗಿಯ ಬಾಗಿಲಲ್ಲಿ ಗುಮಾಸ್ತನೊಬ್ಬ ನಿಂತಿದ್ದ.

"ಸ್ಟಾಂಪೆಲ್ಲಿ?" ಎಂದು ಅವನು ಕೂಗಿದ.

"ಬೇರಿಂಗ್ ಹಾಕಿ! ಬೇಕಾದೋರು ಕಾಸು ಕೊಟ್ಟು ಬಿಡಿಸ್ಕೋತಾರೆ!"

ಗುಮಾಸ್ತ ನಗುತ್ತ ಬಗ್ಗಿ ಲಕೋಟೆ ಕಿತ್ತುಕೊಂಡ. ಗಾಡಿ ವೇಗ ಹಿಡಿಯಿತು. ಕಿಟಕಿಯ ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತಿದ್ದ ಪ್ರೊಫೆಸರ್ ದ್ವಾರಕಾನಾಥರಿಗೂ ಆ ಚಿತ್ರಕ್ಕೂ ಪೂನಾವರೆಗೆ ನಡುವೆ ಇದ್ದದ್ದು ಮೂರೇ ಬೋಗಿ.